ಕೊನೆಯ ಪ್ರಯಾಣಿಕನಿಗೂ ಜಾಗ

ಗುರುವಾರ ಬೆಳಗಿನ ಬಾಂಗ್ ಮುಗಿದು ಹತ್ತು ನಿಮಿಷ. ದೋಹಾದ ಬಿನ್ ಮಹಮೂದ್‌ನ ಫ್ರೇಮ್ ಅಂಗಡಿಯಲ್ಲಿ ಆನ್ಸೆಲ್ಮ್ ಮೈದಾ ಅಂಟು ಕಾಯಿಸುತ್ತಿದ್ದಾರೆ. ಗಾಜು ಕೂರಿಸುವ ಕೆಲಸ ಬಾಗಿಲು ತೆರೆಯುವ ಮೊದಲೇ ಮುಗಿಯಬೇಕು. ತೆರೆದರೆ ಗಿರಾಕಿಗಿಂತ ಮುಂಚೆ ಮರಳಿನ ದೂಳು ಒಳಗೆ ಬರುತ್ತದೆ.

ಮೇಜಿನ ಮೇಲೆ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಮುದ್ರಣಚಿತ್ರ. ಕಪ್ಪು ಶಾಯಿಯಲ್ಲಿ ಪ್ರಯಾಣಿಕರ ನೂಕುನುಗ್ಗಲು: ಟೋಪಿಗಳು, ಕೊಡೆಗಳು, ಹಕ್ಕಿಪಂಜರ ಹಿಡಿದ ಹೆಂಗಸು. ಎಡದಂಚಿನಲ್ಲಿ, ಹಗ್ಗ ಬಿಗಿದ ಪೆಟ್ಟಿಗೆ ಹೊತ್ತು ಓಡಿಬರುತ್ತಿರುವ ಒಬ್ಬ. "ಇವ ನಮ್ಮವನೇ," ಎನ್ನುತ್ತಾರೆ ಆನ್ಸೆಲ್ಮ್. "ತೊಂಬತ್ತೊಂದರಲ್ಲಿ ಬೊಂಬಾಯಿ ಏರ್‌ಪೋರ್ಟಲ್ಲಿ ನಾನೂ ಹೀಗೇ ಓಡಿದ್ದು."

ಅವನಿಗೇ ಈಗ ಕುತ್ತು. ಅಲ್ ಅಜೀಜಿಯಾದ ಮೇಡಂ ಒಬ್ಬರ ವಿಲ್ಲಾದಿಂದ ಚಿತ್ರ ತಂದ ಡ್ರೈವರ್ ಪಕೀರಬ್ಬ, ಜೊತೆಗೊಂದು ಚಿನ್ನದ ಬಣ್ಣದ ಹಳೆಯ ಫ್ರೇಮನ್ನೂ ಇಟ್ಟಿದ್ದರು. ಅದು ಚಿತ್ರಕ್ಕಿಂತ ಎರಡು ಬೆರಳು ಕಿರಿದು.

"ಎಡಕ್ಕೆ ಕಟ್ ಮಾಡ್ಲಿಕ್ಕೆ ಹೇಳಿದ್ದಾರೆ ಮೇಡಂ, ಪೊರ್ಬುಗಳೇ. ಖಲಾಸ್," ಎಂದಿದ್ದರು ಅವರು, ಊರಲ್ಲಿ ಕ್ರೈಸ್ತರನ್ನು ಕರೆಯುವಂತೆಯೇ.

"ಗ್ಯಾರೇಜಿಗೆ ಹಿಡಿಸದಿದ್ರೆ ಕಾರಿನ ಬಂಪರ್ ಕೊಯ್ತೀರಾ, ಬ್ಯಾರಿಗಳೇ?"

ಉಡುಪಿ ಕಡೆಯ ಶಿರ್ವದ ಆನ್ಸೆಲ್ಮ್ ಈ ಅಂಗಡಿಗೆ ಬಂದು ಹದಿನೈದು ವರ್ಷ. ದಿನಕ್ಕೆ ಹನ್ನೆರಡು ಫ್ರೇಮು. ಹೆಚ್ಚಿನವು ಸರ್ಟಿಫಿಕೇಟು, ಮದುವೆ ಫೋಟೊ. ಇಂಥ ಹಳೆಯ ಕಾಗದ ತಿಂಗಳಿಗೊಂದು ಬಂದರೆ ಅವರಿಗೆ ಹಬ್ಬ. ಮೊದಲ ವರ್ಷ ಇಂಥದೇ ಚಿತ್ರದ ಸುತ್ತ ತಗ್ಗು ಗೆರೆ ಕಂಡು, ಮಡಿಕೆಯೆಂದು ಇಸ್ತ್ರಿ ಹಾಕಿ ಅಳಿಸಿಬಿಟ್ಟಿದ್ದರು. ಅದು ಅಚ್ಚಿನ ತಗಡು ಒತ್ತಿದ ಗುರುತೆಂದು ತಿಳಿದದ್ದು ಆಮೇಲೆ. ಯಾರೂ ಬೈಯಲಿಲ್ಲ, ಯಾರಿಗೂ ಗೊತ್ತೇ ಆಗಲಿಲ್ಲ. ಅದೇ ಅವರನ್ನು ಕೊರೆದದ್ದು. ಅಂದಿನಿಂದ, ಮತ್ತೆ ಸರಿಪಡಿಸಲಾಗದ ಏನನ್ನೂ ಅವರು ಕಾಗದಕ್ಕೆ ಮಾಡುವುದಿಲ್ಲ. ಟೇಪ್ ಕೂಡ ಅಂಟಿಸುವುದಿಲ್ಲ. ಊರಲ್ಲಿ ಕ್ರಿಸ್ಮಸ್ ನಕ್ಷತ್ರಕ್ಕೆ ಅಮ್ಮ ಕಾಯಿಸುತ್ತಿದ್ದ ಮೈದಾ ಅಂಟೇ ಸಾಕು.

ಈ ಸಲ ಮೇಡಂ ಅವರನ್ನು ಕೇಳದೆಯೇ ಸಾದಾ ಮರದ ದೊಡ್ಡ ಫ್ರೇಮ್ ಮಾಡಿದ್ದಾರೆ. ಮ್ಯಾನೇಜರ್ ಯಜ್ಞೇಶ್‌ಗೆ ಸಿಟ್ಟು. "ವಾಪಸ್ ಬಂದ್ರೆ ನಿಮಗಿನ್ನು ಸರ್ಟಿಫಿಕೇಟ್ ಮಾತ್ರ, ಆನ್ಸೆಲ್ಮಣ್ಣ. ಹಳೇ ಚಿತ್ರ ಮಾಫಿ, ಇಲ್ಲವೇ ಇಲ್ಲ!"

ಚಿತ್ರ ಒಯ್ದ ಪಕೀರಬ್ಬ ಸಂಜೆ ಬರುವಾಗ ಆನ್ಸೆಲ್ಮ್ ಮೊದಲು ನೋಡುವುದು ಅವರ ಕೈಯನ್ನು. ಖಾಲಿ.

"ಮೇಡಂ ಮೊದಲು ಮುಖ ಗಂಟು ಹಾಕಿದ್ರು. ಮತ್ತೆ ಆ ಓಡುವವನ ಮೇಲೆ ಬೆರಳಿಟ್ಟು ನಗಾಡಿದ್ರು. ಯಜಮಾನ್ರ ಹಾಗೆ, ಯಾವಾಗ್ಲೂ ಲೇಟಂತೆ. ಹಾಲಲ್ಲೇ ತೂಗುಹಾಕಿಸಿದ್ರು. ನಿಮ್ಮ ಬಂಪರ್ ಬಚಾವ್ ಮಾರಾಯ್ರೆ!"

ಆನ್ಸೆಲ್ಮ್ ಅಂಟಿನ ಪಾತ್ರೆ ತೊಳೆಯುತ್ತಾರೆ. ಫ್ರೇಮಿನ ಹಿಂದೆ ತಮ್ಮ ಹೆಸರು ಬರೆಯುವುದಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. "ಐವತ್ತು ವರ್ಷ ಬಿಟ್ಟು ಯಾರಾದ್ರೂ ಬಿಚ್ಚಿದ್ರೆ, ಒದ್ದೆ ಬಟ್ಟೆ ಇಟ್ಟ ಕೂಡ್ಲೇ ನನ್ನ ಅಂಟು ಬಿಟ್ಟುಬರ್ಬೇಕು. ಇಲ್ಲಿ ಒಬ್ಬ ಕೈಯಿಟ್ಟಿದ್ದ ಅಂತ ಗೊತ್ತೇ ಆಗ್ಬಾರ್ದು."