‘ಬೇಕಂತ’ ಎಂಬ ಮಾತು

ನಿನ್ನೆ ಸಂಜೆ ಮೇಲಿನ ಮನೆಯಲ್ಲಿ ಸ್ಟೀಲಿನ ಪಾತ್ರೆಯೊಂದು ದಡಾರನೆ ಬಿತ್ತು. ನಲವತ್ತು ದಾಟಿದವಳು ನಾನು, ಈ ಮನೆಯ ಯಜಮಾನಿ. ಆದರೂ ಭುಜಗಳು ತಾವಾಗಿಯೇ ಕಿವಿಯವರೆಗೆ ಏರಿದವು. ನಗಬೇಡಿ, ಹಳೆಯ ಅಭ್ಯಾಸ.

ಚಿಕ್ಕಂದಿನಲ್ಲಿ ನಾವು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದೆವು. ಅಪ್ಪ ಲಾರಿ ಓಡಿಸುತ್ತಿದ್ದರು. ಹೊರಟರೆ ವಾರಗಟ್ಟಲೆ ಪತ್ತೆಯಿಲ್ಲ. ಅಜ್ಜಿ ಹಾಸಿಗೆ ಹಿಡಿದಿದ್ದಳು. ಅವಳ ಆರೈಕೆಯಲ್ಲಿ ನಿದ್ದೆಗೆಟ್ಟ ಅವ್ವ ಹಗಲೆಲ್ಲ ಊರವರ ಬಟ್ಟೆ ಹೊಲಿಯುತ್ತಿದ್ದಳು. ನನ್ನ ಕೈಯಿಂದ ಏನಾದರೂ ಬಿತ್ತೋ, “ಬೇಕಂತ ಮಾಡ್ತಿ! ನನ್ನ ಗೋಳು ಹೊಯ್ಕೊಳ್ಳಾಕ ಹುಟ್ಟೀದಿ!” ಎಂದು ಅಳತೆಯ ಕೋಲಿನಿಂದ ಬಾರಿಸುತ್ತಿದ್ದಳು. ಪೆಟ್ಟಿಗಿಂತ ಆ ‘ಬೇಕಂತ’ ಉರಿಯುತ್ತಿತ್ತು. ಹಾಲು ಚೆಲ್ಲಲು ಸಂಚು ಹೂಡುವಷ್ಟು ಜಾಣೆ ನಾನಾಗಿರಲೇ ಇಲ್ಲ.

ಒಮ್ಮೆ ಅಪ್ಪನ ಅಕ್ಕ, ನನ್ನ ಸೋದರತ್ತೆ, ಕುರುಗೋಡಿನಿಂದ ಬಂದು ಅಜ್ಜಿಯ ಬಳಿ ಉಳಿದಳು. ನಾವು ಸಿರುಗುಪ್ಪದ ದೊಡ್ಡವ್ವನ ಮನೆಗೆ ಹೋದೆವು. ಅಲ್ಲಿ ಅವ್ವ ಕಣ್ತುಂಬ ನಿದ್ದೆ ಮಾಡಿದಳು. ಮರುದಿನ ಊಟಕ್ಕೆ ಕೂತಾಗ ದೊಡ್ಡವ್ವನ ಮೊಮ್ಮಗಳು ಮಜ್ಜಿಗೆಯ ಚೆಂಬನ್ನು ಅವ್ವನ ಒಳ್ಳೆಯ ಸೀರೆಯ ಮೇಲೆ ಉರುಳಿಸಿಬಿಟ್ಟಳು.

ಅವ್ವ ನಕ್ಕಳು. “ಇರಲಿ ಬಿಡು, ಕೂಸು. ಕೈ ಜಾರೇತಿ.”

ದೊಡ್ಡವ್ವ ಸೀರೆ ಒರೆಸುತ್ತ ಮೆಲ್ಲಗೆ ಕೇಳಿದಳು: “ನಿನ್ನ ಮಗಳ ಕೈ ಜಾರಂಗಿಲ್ಲೇನು, ತಂಗಿ?”

ಊಟ ಮುಗಿಸಿ ಹೊರಟೆವು. ಬಳ್ಳಾರಿಯವರೆಗೂ ಅವ್ವ ಬಸ್ಸಿನ ಕಿಟಕಿಯಾಚೆ ಗದ್ದೆಗಳನ್ನೇ ನೋಡುತ್ತ ಕೂತಳು. ಮನೆ ಮುಟ್ಟಿದ ಮೇಲೆ, ಯಾರ ಮುಂದೆಯೂ ಕೈಚಾಚದ ಹೆಂಗಸು ಸೋದರತ್ತೆಗೆ ಹೇಳಿದಳು: “ಒಬ್ಬಾಕಿಗೇ ಆಗವಲ್ದು ಅಕ್ಕ. ಆಗಾಗ ಬಂದಿರ್ರಿ. ನಿದ್ದಿಗೆಟ್ಟು ಕೂಸಿನ ಮ್ಯಾಲ ಕೈ ಮಾಡಾಕತ್ತೀನಿ.” ಆ ಮಾತಿಗೆ ಎಷ್ಟು ಧೈರ್ಯ ಬೇಕೆಂದು ನಾನೇ ತಾಯಿಯಾದ ಮೇಲೆ ತಿಳಿಯಿತು. ಅತ್ತೆ ಒಪ್ಪಿದಳು, ಬರತೊಡಗಿದಳು ಕೂಡ.

ಕೆಲವು ದಿನಗಳಲ್ಲೇ ಪರೀಕ್ಷೆ ಬಂತು. ಯಾರದೋ ಮದುವೆಯ ರೇಷ್ಮೆ ರವಿಕೆಯ ಮೇಲೆ ನಾನು ಎಣ್ಣೆ ಚೆಲ್ಲಿದೆ. ಅವ್ವನ ಕೈ ಕೋಲಿಗೆ ಹೋಯಿತು. ಅಲ್ಲೇ ನಿಂತಿತು. ಅವಳು ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡು ಬಂದು ಕೇಳಿದಳು: “ಕೈ ಜಾರಿತೇನವ್ವ?”

ಯಾವ ಪೆಟ್ಟಿಗೂ ಅಷ್ಟು ಅತ್ತಿರಲಿಲ್ಲ ನಾನು.

ಆಮೇಲೆ ಒಂದೂ ಪೆಟ್ಟು ಬೀಳಲಿಲ್ಲವೆಂದರೆ ಸುಳ್ಳಾದೀತು. ಆದರೆ ‘ಬೇಕಂತ’ ಎಂಬ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ಮಾತು ಹೋದಂತೆ ಕೋಲೂ ಬಟ್ಟೆ ಅಳೆಯಲಷ್ಟೇ ಉಳಿಯಿತು.

ನಿನ್ನೆ ಅವ್ವನಿಗೆ ಫೋನು ಮಾಡಿ ಕೇಳಿಯೇಬಿಟ್ಟೆ: “ಹೊಡಿಯೋದು ಹೆಂಗ ಬಿಟ್ಟಿ ಅವ್ವಾ?”

“ಒಂದಿನಕ್ಕ ಬಿಡಾಕ ಆಗತೈತೇನ? ದಿನಾ ಬಿಡ್ತಿದ್ದೆ.”

ಅವಳ ಸಿಟ್ಟು ಇಳಿದಿತ್ತೆಂದೇ ಇಷ್ಟು ವರ್ಷ ತಿಳಿದಿದ್ದೆ. ಇಳಿದಿರಲಿಲ್ಲ; ದಿನಾ ಅವಳೇ ಅದನ್ನು ತಡೆದು ಹಿಡಿದಿದ್ದಳು. ಆ ಕಡೆಯಿಂದ ಅವ್ವ ಕೇಳಿದಳು: “ಉಂಡ್ಯಾ ಇಲ್ಲ?”