ತಿರುವಿ ನೋಡದ ಹಾಳೆ

ಇದನ್ನು ಹೇಳಬೇಕೆಂದುಕೊಂಡು ಮುಂದೂಡುತ್ತಲೇ ಬಂದೆ. ವಯಸ್ಸಾಯಿತು, ಇನ್ನು ಮುಂದೂಡುವಂತಿಲ್ಲ.

ರಾಮಕೃಷ್ಣನಗರದ ನಮ್ಮ ಓದುಗರ ಬಳಗದಲ್ಲಿ ತಿಂಗಳಿಗೊಮ್ಮೆ ಹೊಸ ಕವನ ಸಂಕಲನಗಳ ಪರಿಚಯ ನಡೆಯುತ್ತದೆ. ಕನ್ನಡದವು, ದೇಶದ ಬೇರೆ ಭಾಷೆಗಳಿಂದ ಅನುವಾದವಾಗಿ ಬಂದವು, ಈಚೆಗೆ ನಾಲ್ಕು ಜನ ಮಾತಾಡಿಕೊಂಡ ಪುಸ್ತಕಗಳೆಲ್ಲ ಅಲ್ಲಿಗೆ ಬರುತ್ತವೆ. ಪರಿಚಯ ಮಾಡಿಕೊಡುತ್ತಿದ್ದವನು ನಾನು. ಓದಿದ್ದು ಎಸ್ಸೆಸ್ಸೆಲ್ಸಿ, ಆದರೆ ಮಾತು ಬರುತ್ತಿತ್ತು. ನಿಜ ಹೇಳುತ್ತೇನೆ, ಬಹುಪಾಲು ಸಂಕಲನಗಳನ್ನು ನಾನು ಓದಲೇ ಇಲ್ಲ. ಮುನ್ನುಡಿ, ಬೆನ್ನುಡಿ ನೋಡಿಕೊಂಡು, ನಡುವೆ ಒಂದು ಪದ್ಯ ಗಟ್ಟಿಯಾಗಿ ಓದಿ, ಜನರನ್ನು ನಗಿಸಿ ಇಳಿದುಬಿಡುತ್ತಿದ್ದೆ.

ಹೀಗಿರುವಾಗ ನನ್ನ ತಮ್ಮನ ಹೆಂಡತಿಯ ಮೊದಲ ಸಂಕಲನ ಬಂತು. ಒಬ್ಬಳೇ ಮಗಳು ಡೆಂಗಿಯಲ್ಲಿ ತೀರಿಕೊಂಡ ಮೇಲೆ ಅವಳು ಬರೆಯತೊಡಗಿದ್ದಳು. ಹಿನಕಲ್‌ನ ತನ್ನ ಮನೆಯಿಂದ ತಮ್ಮನೇ ಪುಸ್ತಕ ತಂದುಕೊಟ್ಟ.

"ಚೆನ್ನಾಗಿ ಓದ್ಕೊಂಡು ಮಾತಾಡಣ್ಣ. ಬರ್ಕೊಂಡೇ ಅವ್ಳು ಜೀವ ಹಿಡ್ಕೊಂಡಿರೋದು" ಅಂದ.

ಹೂಂ ಅಂದೆ. ಓದಲಿಲ್ಲ.

ಪರಿಚಯದ ದಿನ ವೇದಿಕೆಯ ಮೇಲೆ ನಿಂತೇ ಪುಸ್ತಕ ತೆರೆದೆ. ಸಿಕ್ಕಿದ್ದು ಚಪ್ಪಲಿಗಳನ್ನು ಬಯ್ಯುವ ಪದ್ಯ. ಹೊತ್ತು ಮುಳುಗಿದರೂ ಬಾಗಿಲಲ್ಲೇ ಬಿದ್ದಿದ್ದೀರಲ್ಲ ಸೋಮಾರಿಗಳಾ, ಆಟ ಸಾಕಾಗಲಿಲ್ಲವೇ ಎಂದೆಲ್ಲ ಇತ್ತು. ಜಗಳಗಂಟಿ ಹೆಂಗಸಿನ ದನಿ ತೆಗೆದು, ಕೈ ಆಡಿಸಿ ಓದಿದೆ. ಜನ ಬಿದ್ದು ಬಿದ್ದು ನಕ್ಕರು. ಪುಟ ಮುಗಿದಲ್ಲಿಗೆ ಪದ್ಯ ಮುಗಿಯಿತೆಂದು ಪುಸ್ತಕ ಮುಚ್ಚಿದೆ. ಮುಂದಿನ ಸಾಲಿನಲ್ಲಿ ಅವಳೂ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ನಗುತ್ತಿದ್ದಾಳೆ ಅಂದುಕೊಂಡೆ. ತಮ್ಮ ಮಾತ್ರ ತಲೆ ಎತ್ತಲಿಲ್ಲ.

ಅದಕ್ಕೇ ಮನೆಗೆ ಬಂದು ಹಾಳೆ ತಿರುವಿದೆ. ಪದ್ಯ ಆಚೆ ಪುಟಕ್ಕೂ ಹೋಗಿತ್ತು. ಜ್ವರದ ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವಾಗ ಬಿಟ್ಟುಹೋದ ಆ ಮಗುವಿನ ಚಪ್ಪಲಿಗಳು ಅವು.

ಮಾರನೆಯ ದಿನ ಹೋಗಿ ಅವಳೆದುರು ಕೈಮುಗಿದೆ. ಅವಳು ಕಾಫಿ ಲೋಟ ಮುಂದಿಟ್ಟು, "ಬುಡಿ ಭಾವ. ಅದನ್ನ ಪೂರ್ತಿ ಓದಕ್ಕೆ ನಂಗೂ ಆಗಲ್ಲ" ಅಂದಳು.

ತಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ. ನನ್ನ ದನಿ ಕೇಳಿರಲೇಬೇಕು, ಕುಕ್ಕುವ ಸದ್ದು ನಿಂತುಹೋಗಿತ್ತು. ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಿಗುತ್ತಿದ್ದ. ನಾನು ಕಾಫಿ ಕುಡಿದು ಮುಂಬಾಗಿಲಿನಿಂದ ಬಂದುಬಿಟ್ಟೆ.

ಬಳಗಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ. ಈಚೆಗೆ ಅವಳ ಎರಡನೆಯ ಸಂಕಲನ ಬಂತು. ಮನೆಗೆ ಯಾರೂ ತಂದುಕೊಡಲಿಲ್ಲ, ಅಂಗಡಿಯಲ್ಲಿ ಕೊಂಡು ಓದಿದೆ. ಮದುವೆ ಮನೆಗಳಲ್ಲಿ ತಮ್ಮ ಎದುರಾದರೆ ಊಟ ಆಯ್ತಾ ಎಂದು ಕೇಳುತ್ತಾನೆ, ಆಯ್ತು ಅನ್ನುತ್ತೇನೆ. ಅಷ್ಟೇ ನಮ್ಮ ಮಾತು. ಅವಳಲ್ಲಿ ಕ್ಷಮೆ ಕೇಳಲು ಬಾಯಿ ಬಂತು. ಇವತ್ತಿನವರೆಗೂ ಕೇಳಲಾಗದೆ ಉಳಿದಿರುವುದು ನನ್ನ ತಮ್ಮನಲ್ಲಿ.