ಶುಕ್ರವಾರ ಬೆಂಕಿ ಕೇಳಲು ಹೋದದ್ದು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಆ ಗಾದೆ ಕಟ್ಟಿದವನು ಕಳ್ಳಂಬೆಳ್ಳದ ನಮ್ಮ ಮನೆಯಲ್ಲಿ ಒಂದು ಹೊತ್ತು ಉಂಡು ನೋಡಬೇಕಿತ್ತು. ನನ್ನ ಗಂಡನಿಗೆ ಮುದ್ದೆ ಗಟ್ಟಿಯಾದರೂ ಹೊಡೆಯಲು ಕಾರಣ, ಮೆತ್ತಗಾದರೂ ಕಾರಣ.

ಐವತ್ತರ ದಶಕದ ಮಾತು. ಎದುರು ಮನೆಯ ಅಜ್ಜಿಯೇ ಒಂದು ದಾರಿ ಹುಡುಕಿದಳು. ನನ್ನ ಎರಡು ಸೀರೆಗಳ ಗಂಟನ್ನು ತನ್ನ ಅಟ್ಟದ ಮೇಲೆ ಇಟ್ಟುಕೊಂಡಳು. "ಕೈ ಎತ್ತೋ ಅಂಗೆ ಕಂಡ್ರೆ ಬೆಂಕಿ ಕೇಳ್ಕೊಂಡು ಬಂದ್ಬುಡು. ಒಳಕ್ ಕರ್ಕೊಂಡು ಬಾಗಿಲಾಕ್ತೀನಿ. ಬೆಳಿಗ್ಗೆ ಬಸ್ಸಿಗೆ ಪುರವರಕ್ಕೆ, ನಿಮ್ಮವ್ವನ ಮನೆಗೆ ಹೋಗು ಕಣಮ್ಮ," ಅಂದಳು. ಒಲೆ ಆರಿದರೆ ಬೆರಣಿ ತುಂಡು ಹಿಡಿದು ನೆರೆಮನೆಗೆ ಕೆಂಡಕ್ಕೆ ಹೋಗುವುದು ಆಗ ದಿನದ ಮಾತು. ಯಾರಿಗೂ ಅನುಮಾನ ಬರುವುದಿಲ್ಲ.

ಒಂದು ಸಂಜೆ ಅವನು ಹೊಲದಿಂದ ಬಂದವನೇ ಬಾರುಕೋಲು ಪಕ್ಕದಲ್ಲೇ ಇಟ್ಟುಕೊಂಡು ಕೂತ. ಅದರ ಅರ್ಥ ನನ್ನ ಬೆನ್ನಿಗೆ ಗೊತ್ತಿತ್ತು. ಉರಿಯುವ ಒಲೆಗೆ ನಾನೇ ಒಂದು ಚೊಂಬು ನೀರು ಸುರಿದೆ. ಬೆಂಕಿಪೊಟ್ಟಣ ಅವನ ಬೀಡಿಗೆ ಮಾತ್ರ, ಒಲೆಗೆ ಕೊಡುತ್ತಿರಲಿಲ್ಲ. "ಒಲೆ ಆರೋಯ್ತು, ಕೆಂಡ ತರ್ತೀನಿ," ಅಂದು ಬೆರಣಿ ಹಿಡಿದು ಹೊರಟೆ.

ಅಜ್ಜಿ ದೇವರ ಮುಂದೆ ದೀಪ ಹಚ್ಚುತ್ತಿದ್ದಳು.

"ಅಜ್ಜಿ, ಒಸಿ ಬೆಂಕಿ."

ತಿರುಗಿಯೂ ನೋಡಲಿಲ್ಲ. "ಸುಕ್ರವಾರ ದೀಪ ಹಚ್ಚೋ ಹೊತ್ನಾಗೆ ಬೆಂಕಿ ಕೊಡಾಕಿಲ್ಲ. ನಾಳೆ ಬಾ," ಅಂದಳು.

ಶುಕ್ರವಾರ ಎಂಬುದೇ ನನಗೆ ಮರೆತಿತ್ತು. ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆಂದು ನಾನೂ ಆ ಹೊತ್ತಿನಲ್ಲಿ ಯಾರಿಗೂ ಕೆಂಡ ಕೊಟ್ಟವಳಲ್ಲ. ಅಜ್ಜಿ ಮರೆತಳೋ, ಮನಸ್ಸು ಬದಲಾಯಿಸಿದಳೋ, ಅವನೇ ಬಂದು ಹೆದರಿಸಿದ್ದನೋ? ಒಂದೂ ತಿಳಿಯಲಿಲ್ಲ. ಬೆಂಕಿ ಬೇಡ, ನನ್ನನ್ನು ಒಳಗೆ ಕರೆದುಕೋ ಎನ್ನಲು ಬಾಯಿ ಬರಲಿಲ್ಲ. ಪದ್ಧತಿ ಮರೆತೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆ! ತಿರುಗಿ ಮನೆಯ ಕಡೆಗೇ ನಡೆದೆ.

ಬೀದಿ ಅರ್ಧ ದಾಟಿದ್ದೆ. "ಲೇ, ಬೆಂಕಿ ಅಂದ್ಯಾ!" ಅಜ್ಜಿ ಹೊಸ್ತಿಲಲ್ಲಿ ನಿಂತು ಕೂಗಿದಳು.

"ನಾಳೆ ಬರ್ತೀನಿ ಬುಡಜ್ಜಿ," ಅಂದೆ. ದೇವರಾಣೆ, ಹಾಗೇ ಅಂದೆ.

ಅವಳು ಓಡಿ ಬಂದು ರಟ್ಟೆ ಹಿಡಿದು ಒಳಗೆಳೆದು ಅಗಳಿ ಹಾಕಿದಳು. ಅವನು ಬಂದು ಬಾಗಿಲು ಗುದ್ದಿದ, ಬೈದ, ಸುಸ್ತಾಗಿ ಹೋದ. ಬೆಳಿಗ್ಗೆ, ಪುರವರಕ್ಕೆ ಶಿರಾ ಮೇಲೆಯೇ ಹೋಗಬೇಕಾದ್ದರಿಂದ, ಶಿರಾ ಬಸ್ಸಿಗೆ ಹತ್ತಿಸಲು ಅಜ್ಜಿಯೇ ಗಂಟು ಹೊತ್ತು ಬಂದಳು.

ಅಜ್ಜಿ ಕೂಗದಿದ್ದರೆ ಏನು ಮಾಡುತ್ತಿದ್ದೆ? ಇನ್ನೊಂದು ಮನೆಯ ಬಾಗಿಲು ತಟ್ಟುತ್ತಿದ್ದೆ ಎಂದು ತಂಗಿಯ ಮಕ್ಕಳಿಗೆ ಹೇಳಿದ್ದೇನೆ. ಸುಳ್ಳು. ಮನೆಗೆ ಹೋಗಿ ಆ ಒದ್ದೆ ಒಲೆಯ ಮುಂದೆ ಕೂತಿರುತ್ತಿದ್ದೆ.